ಹೊರಗಿನ ಸ್ವಿಚ್ಚು

ಜಯಲಕ್ಷ್ಮೀ ಸತ್ತ ಸುದ್ದಿ ಬಂದಾಗ ಮುನಿರತ್ನ ಮನೆಯಲ್ಲಿ ಜ್ವರವಿಲ್ಲದೆ ಮಲಗಿದ್ದಳು.

ಮಂಗಳವಾರ, ಬೆಳಗಿನ ಹತ್ತೂವರೆ. ಜ್ವರವೆಂದು ಹೇಳಿಕಳುಹಿಸಿ ಅದು ಮೂರನೆಯ ದಿನ. ಮದರಾಸಿನ ಮಾಧವರಂ ಹಾಲಿನ ಡೈರಿಯ ಹಿಂದಿನ ಗುಡಿಸಲು ಸಾಲಿಗೆಲ್ಲ ಸೇರಿ ಒಂದೇ ಒಂದು ಫೋನು, ಮೂಲೆಯ ಅಂಗಡಿಯಲ್ಲಿ. ಅಂಗಡಿಯವಳು ಓಡಿಬಂದು ಬಾಗಿಲು ತಟ್ಟಿದಳು. ಎಗ್ಮೋರಿನ ಕಲ್ಯಾಣಮಂಟಪದಿಂದ ಫೋನು, ಎದ್ದು ಬಾ ಎಂದಳು.

ಫೋನಿನಲ್ಲಿ ಅಡಿಗೆಯ ಕಿಟ್ಟು. ಅವನ ಹಿಂದೆ ವಾಲಗದ ಸದ್ದು.

"ಮುನಿರತ್ನಾ, ಬೇಗ ಬಾ. ಜಯಾ ಮೋಟಾರ್ ಹಾಕೋಕೆ ಹೋದಳು. ಕೈ ಅಲ್ಲೇ ಹಿಡ್ಕೊಂಡುಬಿಡ್ತು. ಹೋಗಿಬಿಟ್ಟಳು ಕಣೆ."

"ಎಲ್ಲಿಗೆ?" ಎಂದಳು ಮುನಿರತ್ನ.

"ಎಲ್ಲಿಗೆ ಅಂದ್ರೆ? ಸತ್ತುಹೋದಳು. ಹಿಂದಿನ ಗೇಟಿಂದ ಬಾ. ಮುಂದುಗಡೆ ಉಪನಯನ ನಡೀತಿದೆ."

ಮುಚ್ಚಿಟ್ಟು ಹೇಳಿದರೆ ಪಾಪ ಬರುತ್ತದೆ. ಮುನಿರತ್ನಳಿಗೆ ಮೊದಲು ಬಂದದ್ದು ಅಳುವಲ್ಲ. ಒಂದೇ ಊರಿನವಳು, ಹದಿನಾಲ್ಕು ವರ್ಷ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಪಾತ್ರೆ ತಿಕ್ಕಿದವಳು ಸತ್ತಿದ್ದಳು. ಅಂಗಡಿಯ ಮುಂದೆ ನಿಂತ ಮುನಿರತ್ನ ಯೋಚಿಸಿದ್ದು ಒಂದೇ: ಇನ್ನು ಆ ಲ್ಯಾಪ್‌ಟಾಪು ಯಾರಿಗೆ?

ಅವಳು ಮಂಟಪ ಸೇರುವ ಹೊತ್ತಿಗೆ ಮೊದಲನೆಯ ಪಂಕ್ತಿ ಕೂತಿತ್ತು. ಅಡಿಗೆಯಾಗಿದೆ, ಮುನ್ನೂರು ಜನ ಬಂದಿದ್ದಾರೆ, ಏನು ಮಾಡಲಾಗುತ್ತದೆ ಎಂದು ಹಿರಿಯರು ತೀರ್ಮಾನಿಸಿದ್ದರು. ಹಿತ್ತಲಿನ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಜಯಾ ಬಿದ್ದಿದ್ದಳು. ಅಕ್ಕಿ ಮೂಟೆಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಯನ್ನು ದೂರದಿಂದಲೇ ಅವಳ ಮೇಲೆ ಎಸೆದಿದ್ದರು. ಒಂದು ಕಾಲು ಹೊರಗೇ ಇತ್ತು. ಪಾದದ ಬಿರುಕುಗಳಲ್ಲಿ ಪಾತ್ರೆ ತಿಕ್ಕುವ ಸಬೀನದ ಪುಡಿ ಬೆಳ್ಳಗೆ ಕೂತಿತ್ತು.

ಅವಳ ಮಗ ರಮೇಶ್ ಕಾಲೇಜಿನಿಂದ ನೇರ ಬಂದಿದ್ದ. ನೆಲದಲ್ಲಿ ಕೂತು ತಾಯಿಯ ಪಾದ ಹಿಡಿದಿದ್ದ. ಹೆಗಲಲ್ಲಿ ಕಪ್ಪು ಚೀಲ. ಮುನಿರತ್ನಳ ಕಣ್ಣು ಹೆಣದ ಮೇಲೆ ನಿಲ್ಲಲಿಲ್ಲ. ಆ ಚೀಲದ ಮೇಲೆ ನಿಂತಿತು. ಅದರೊಳಗಿನ ಯಂತ್ರವನ್ನು ಅವಳು ಕೀಲಿಕೀಲಿಯಾಗಿ ಬಲ್ಲಳು. ತನ್ನ ಕೈಯಿಂದಲೇ ತೊಳೆದದ್ದು.

ಅದರ ಸಂಗತಿ ಹೀಗೆ.

ಎರಡು ಸಾವಿರದ ಆರನೆಯ ಇಸವಿ. ಗಿಂಡಿಯ ಕಡೆಯ ಯಾವುದೋ ವಿದೇಶಿ ಕಂಪನಿ ತನ್ನ ಹಳೆಯ ಲ್ಯಾಪ್‌ಟಾಪುಗಳನ್ನು ಧರ್ಮಕ್ಕೆ ಕೊಟ್ಟಿತು. ಮೂವತ್ತೆರಡು. ಮದರಾಸಿನಲ್ಲಿ ನೆಲೆಸಿದ ಬಡ ಕನ್ನಡ ವಿದ್ಯಾರ್ಥಿಗಳಿಗೆ ಹಂಚುತ್ತೇವೆಂದು ಶ್ರೀ ವೇಣುಗೋಪಾಲ ಸಮಿತಿಯವರು ಅರ್ಜಿ ಹಾಕಿ ತರಿಸಿಕೊಂಡರು. ಸಮಿತಿಯ ಕಾರ್ಯದರ್ಶಿ ಮುರಳೀಧರ ರಾಯರು. ವಿಮಾ ಆಫೀಸಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಮಂಟಪದ ಬೀಗದ ಕೈ, ದೇವರ ಉತ್ಸವ, ಕೆಲಸದವರ ಹಾಜರಿ, ಎಲ್ಲ ಅವರದೇ.

ಯಂತ್ರಗಳು ಕೊಳೆಯಾಗಿದ್ದವು. ಯಾರೋ ಎಂಟು ವರ್ಷ ತಿಂದು ಕುಡಿದು ಒತ್ತಿದ ಕೀಲಿಗಳು. "ಪಾತ್ರೆ ತೊಳೆಯೋರು ಇದ್ದಾರಲ್ಲ, ಅವರೇ ಒರೆಸಲಿ" ಎಂದರು ರಾಯರು. ಜಯಾ ಮತ್ತು ಮುನಿರತ್ನ ಹಿಂದಿನ ವರಾಂಡದಲ್ಲಿ ಹತ್ತು ದಿನ ಕೂತರು. ಜಯಾ ಮುಚ್ಚಳ ಒರೆಸಿದಳು. ಮುನಿರತ್ನ ಕೀಲಿ ತೊಳೆದಳು. ಸ್ಪಿರಿಟ್ಟು, ಹತ್ತಿ, ಹಳೆಯ ಹಲ್ಲುಜ್ಜುವ ಬ್ರಷ್ಷು. ಕೀಲಿಗಳ ಸಂದಿಯಲ್ಲಿ ಕೂದಲು, ಬಿಸ್ಕತ್ತಿನ ಪುಡಿ, ಕತ್ತರಿಸಿದ ಉಗುರು, ಒಣಗಿದ ಅನ್ನದ ಅಗುಳು. ಸ್ಪಿರಿಟ್ಟಿಗೆ ಬೆರಳ ತುದಿಯ ಚರ್ಮ ಸುಲಿದುಬಂತು. ಮನೆಯಲ್ಲಿ ಸಾರು ಕಲಸುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಮುನಿರತ್ನ ಉತ್ಸಾಹದಿಂದ ತೊಳೆದಳು. ಮೂವತ್ತೆರಡರಲ್ಲಿ ಒಂದು ತನ್ನ ಕೋಕಿಲಳದು ಎಂದುಕೊಂಡಿದ್ದಳು. ಯಾವುದು ಬರುವುದೋ ಗೊತ್ತಿಲ್ಲ, ಅದಕ್ಕೇ ಎಲ್ಲವನ್ನೂ ಮಗಳದೆಂದೇ ತೊಳೆದಳು.

ಕೋಕಿಲಾ ಬಿ.ಎಸ್ಸಿ. ಕಂಪ್ಯೂಟರ್ ಓದುತ್ತಿದ್ದಳು. ಕೊನೆಯ ವರ್ಷ. ಆ ವರ್ಷ ಏನೋ ಒಂದು ದೊಡ್ಡ ಕೆಲಸ ಸ್ವಂತವಾಗಿ ಮಾಡಿ ತೋರಿಸಬೇಕು, ಅದಕ್ಕೇ ನೂರು ಅಂಕ. ಕಾಲೇಜಿನಲ್ಲಿ ಅರವತ್ತು ಹುಡುಗಿಯರಿಗೆ ಹದಿನೆಂಟು ಕಂಪ್ಯೂಟರು, ಅದರಲ್ಲಿ ಐದು ಕೆಟ್ಟವು. ನಾಲ್ಕು ಗಂಟೆಗೆ ಬೀಗ. ಮನೆಯಲ್ಲಿ ಅವಳು ರಟ್ಟಿನ ಮೇಲೆ ಕೀಲಿಗಳ ಚಿತ್ರ ಬರೆದುಕೊಂಡು ಅದರ ಮೇಲೆ ಬೆರಳಾಡಿಸುತ್ತಿದ್ದಳು. ಆ ರಟ್ಟು ಕಂಡಾಗಲೆಲ್ಲ ಮುನಿರತ್ನಳಿಗೆ ಲೋಕದ ಮೇಲೆಲ್ಲ ಸಿಟ್ಟು ಬರುತ್ತಿತ್ತು.

ತಾಯಿ ಮಗಳು ಸುತ್ತದ ಕಡೆಯಿಲ್ಲ. ಬ್ಯಾಂಕಿನವರು ಸಂಬಳದ ಚೀಟಿ ಇರುವ ಜಾಮೀನುದಾರ ಬೇಕೆಂದರು. ಮುನಿರತ್ನಳ ಗಂಡ ಶಿವರಾಮು ಡೈರಿಯಲ್ಲಿ ಕಂಟ್ರಾಕ್ಟಿನ ಮೇಲೆ ಹಾಲಿನ ಟಬ್ಬು ಹೊರುವವನು. ಅವನಿಗೆ ಚೀಟಿ ಎಲ್ಲಿಂದ ಬರಬೇಕು? ಅಣ್ಣಾನಗರದ ಒಂದು ಕ್ಲಬ್ಬಿನವರು ಅರ್ಜಿ ಕೊಟ್ಟರು, ತುಂಬಿಸಿಕೊಂಡರು, ಫೋಟೋ ಇಸಿದುಕೊಂಡರು, ಮರೆತರು. ರಿಚ್ಚಿ ಸ್ಟ್ರೀಟಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಬೆಲೆ ಕೇಳಿ, ಹೊರಗೆ ನಿಂತು ಗಾಜಿನೊಳಗೆ ನೋಡಿ, ಬಸ್ಸು ಹತ್ತಿದರು. ಉಳಿದದ್ದು ಸಮಿತಿಯೊಂದೇ.

ಸಮಿತಿಯವರು ಮಕ್ಕಳನ್ನು ಕರೆದು ಮಾತನಾಡಿಸಿದರು. ವೇದಿಕೆಯ ಮೇಲೆ ಮೂವರು ಹಿರಿಯರು, ನಡುವೆ ಮುರಳೀಧರ ರಾಯರು. ಕೋಕಿಲಾ ಕೈಮುಗಿದು ನಿಂತಳು.

"ಏನಮ್ಮಾ ನಿನ್ನ ಹೆಸರು? ಏನು ಓದ್ತಾ ಇದೀಯ?"

ಹುಡುಗಿಗೆ ಅರ್ಥವಾಯಿತು. ಹುಟ್ಟಿದ್ದು ಮಾಧವರಂ, ಓದಿದ್ದು ತಮಿಳು ಶಾಲೆ. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಬೈದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಇಲ್ಲಿಯೂ ತಮಿಳಿನಲ್ಲೇ ಹೇಳಿದಳು. ನಿಂತು, ಸ್ಪಷ್ಟವಾಗಿ, ತಡವರಿಸದೆ.

ರಾಯರ ಮುಖ ಗಂಟಾಯಿತು. "ಕನ್ನಡ ಬರಲ್ವಾ?"

"ಪುರಿಯುಂ ಸಾರ್. ಪೇಸ ವರಾದು." ತಿಳಿಯುತ್ತದೆ, ಆಡಲು ಬರುವುದಿಲ್ಲ ಎಂದಳು.

"ಕನ್ನಡವೇ ಬಾರದವರಿಗೆ ಕನ್ನಡದೋರ ಧರ್ಮ ಹೇಗಮ್ಮ ಕೊಡೋದು? ನಾಳೆ ನಾಲ್ಕು ಜನ ಕೇಳಲ್ವಾ?"

ಅವಳ ಹಿಂದೆ ಬಂದವನು ಸಾಯಿ. ರಾಯರ ಸ್ವಂತ ಮೊಮ್ಮಗ. ತಂದೆ ಬ್ಯಾಂಕಿನಲ್ಲಿ ಮ್ಯಾನೇಜರು, ಮನೆಯಲ್ಲಿ ಆಗಲೇ ಒಂದು ಕಂಪ್ಯೂಟರು. ಕನ್ನಡದಲ್ಲಿ ಕೇಳಿದ್ದಕ್ಕೆ ಅವನು ಇಂಗ್ಲಿಷಿನಲ್ಲಿ ಹೇಳಿದ. ಹಿರಿಯರು ಮೂವರೂ ನಕ್ಕರು. "ಈಗಿನ ಮಕ್ಕಳು! ಸ್ಕೂಲಲ್ಲಿ ಅಭ್ಯಾಸ ಆಗಿಬಿಡತ್ತೆ, ಪಾಪ" ಎಂದರು. ಪಟ್ಟಿಯಲ್ಲಿ ಮೊದಲನೆಯ ಹೆಸರು ಅವನದೇ.

ಕಂಬದ ಮರೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ಮುನಿರತ್ನ ಇದನ್ನೆಲ್ಲ ಕೇಳಿಸಿಕೊಂಡಳು. ತಮಿಳು ಆಡಿದರೆ ಗುಡಿಸಲು. ಇಂಗ್ಲಿಷು ಆಡಿದರೆ ಪಾಪ, ಅಭ್ಯಾಸ.

ಆದರೂ ಸಾಯಿಯ ಮೇಲೆ ಅವಳ ಹೊಟ್ಟೆ ಉರಿಯಲಿಲ್ಲ. ಅವರು ಎಂದಿನಿಂದಲೂ ತಿನ್ನುವವರು. ಅವಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಮೇಲೆ. ಕೆಲಸದವರ ಮಕ್ಕಳಿಗೆಂದು ಸಮಿತಿ ಒಂದೇ ಒಂದು ಯಂತ್ರ ತೆಗೆದಿಟ್ಟಿತ್ತು. ಅದಕ್ಕೆ ರಮೇಶ್ ಬಂದ. ಕೋಕಿಲಳ ಹಾಗೆಯೇ ತಮಿಳು ಶಾಲೆಯ ಹುಡುಗ. ಅವನು ಹಣೆಗೆ ಗಂಧ ಇಟ್ಟುಕೊಂಡು ಬಂದು, ನಡು ಬಗ್ಗಿಸಿ, ಅಚ್ಚ ಕನ್ನಡದಲ್ಲಿ ತನ್ನ ಹೆಸರು, ತಂದೆಯ ಹೆಸರು, ಕುಲದೇವರ ಹೆಸರು ಹೇಳಿ, ಒಂದು ದೇವರನಾಮದ ನಾಲ್ಕು ಸಾಲು ಒಪ್ಪಿಸಿದ. ಹಿರಿಯರು ಚಪ್ಪಾಳೆ ತಟ್ಟಿದರು.

ಹತ್ತು ದಿನದಿಂದ ಅಡಿಗೆಯ ಕಿಟ್ಟು ಅವನಿಗೆ ಹೇಳಿಕೊಟ್ಟಿದ್ದನಂತೆ. ಕನ್ನಡದಲ್ಲೇ ಕೇಳುತ್ತಾರೆಂದು ಜಯಾಗೆ ಮೊದಲೇ ಗೊತ್ತಿತ್ತಂತೆ. ಆ ಹತ್ತು ದಿನವೂ ಜಯಾ ಅವಳ ಪಕ್ಕದಲ್ಲೇ ಕೂತಿದ್ದಳು. ಅದೇ ಹತ್ತಿ, ಅದೇ ಸ್ಪಿರಿಟ್ಟು, ಅದೇ ಎಲೆಅಡಿಕೆ. ಒಂದು ಮಾತು ಹೇಳಲಿಲ್ಲ.

ಮಾರನೆಯ ದಿನದಿಂದ ಮುನಿರತ್ನಳಿಗೆ ಜ್ವರ.

ಸೋಮವಾರ ಸಂಜೆ ಜಯಾ ಬಂದಳು. ಬಾಗಿಲಲ್ಲೇ ನಿಂತಳು.

"ಏನೇ, ಜ್ವರ ಬಿಡ್ತಾ?"

"ಇದು ಬಿಡೋ ಜ್ವರ ಅಲ್ಲ."

"ಹೇಳ್ಬೇಕಾಗಿತ್ತು ಕಣೆ ನಾನು. ಹೇಳ್ಲಿಲ್ಲ. ಒಂದೇ ಕೊಡೋದು ಅಂತ ಅಯ್ಯನೋರು ಅಂದ್ರು. ಒಂದೇ ಅಂದ ಮೇಲೆ ನಾನೂ ತಾಯಿ ತಾನೆ?"

"ನಾನೇನು ಮಲತಾಯಿನಾ?"

"ಒಂದು ದಿನ ರಮೇಶ ಇಟ್ಕೊಳ್ಲಿ, ಒಂದು ದಿನ ಕೋಕಿಲಾ ಇಟ್ಕೊಳ್ಲಿ. ಅವನಿಗೂ ಹೇಳಿದೀನಿ."

"ನಿನ್ನ ಮಗ ಉಂಡೆದ್ದ ಎಲೇಲಿ ನನ್ನ ಮಗಳು ಉಣ್ಣಲ್ಲ. ನಡಿ."

ಜಯಾ ಹೋಗಲಿಲ್ಲ. "ನಾಳೆ ಮುನ್ನೂರು ಎಲೆ ಊಟ. ಒಬ್ಬಳ ಕೈಲಿ ಆಗಲ್ಲ ಮುನಿರತ್ನಾ. ಬಾರೆ."

"ನಿನ್ನ ಮಗನ್ನೇ ಕರ್ಕೊಂಡು ಹೋಗು. ಪಾತ್ರೆ ಮುಂದೆ ದೇವರನಾಮ ಹೇಳ್ಲಿ. ತಾವೇ ಬೆಳಗ್ತವೆ."

ಅದೇ ಅವರಿಬ್ಬರ ಕಡೆಯ ಮಾತು.

ಇನ್ನು ಆ ಮೋಟಾರಿನ ವಿಷಯ. ಮಂಟಪದ ನೀರಿನ ಮೋಟಾರಿಗೆ ಮೊದಲಿಂದ ಇದ್ದದ್ದು ಒಂದೇ ಸ್ವಿಚ್ಚು. ಅಡಿಗೆಮನೆಯ ಒಳಗೆ, ಒಣಗೋಡೆಯ ಮೇಲೆ. ಹಿತ್ತಲಲ್ಲಿ ಪಾತ್ರೆ ತೊಳೆಯುವವರಿಗೆ ನೀರು ಬೇಕಾದಾಗಲೆಲ್ಲ ಒಳಗಿನವರನ್ನು ಕೂಗಬೇಕಿತ್ತು. ಒಳಗಿನವರು ಮಡಿಯಲ್ಲಿ ಇರುತ್ತಿದ್ದರು, ಬೇಸರಪಡುತ್ತಿದ್ದರು. ಇವರಿಬ್ಬರು ಹೊಸ್ತಿಲು ದಾಟುವ ಹಾಗಿಲ್ಲ. ಹೊಲಗೇರಿಯ ಹೆಂಗಸರು. ತಿಕ್ಕಿದ ಪಾತ್ರೆಯನ್ನು ಹೊಸ್ತಿಲಾಚೆ ಇಟ್ಟರೆ ಒಳಗಿನವರು ಮತ್ತೊಮ್ಮೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು. ಕಡೆಗೆ ರಾಯರು ಒಂದು ಉಪಾಯ ಮಾಡಿದರು. ಗೋಡೆಯ ಮೇಲೆ ತಂತಿ ಎಳೆಸಿ, ಹಿತ್ತಲಲ್ಲಿ ನಲ್ಲಿಯ ಪಕ್ಕದಲ್ಲೇ, ತಗಡಿನ ಡಬ್ಬಿಯಲ್ಲಿ ಇನ್ನೊಂದು ಸ್ವಿಚ್ಚು ಹಾಕಿಸಿದರು. ಒಳಗಿನದು ಅವರದು. ಹೊರಗಿನದು ಇವರದು.

ಹೊರಗಿನದು ಮೊದಲ ಮಳೆಗಾಲಕ್ಕೇ ಜುಮ್ಮೆನ್ನತೊಡಗಿತು. ಇಬ್ಬರೂ ಹೋಗಿ ಹೇಳಿದರು. ಮೂರು ಸಲ ಹೇಳಿದರು. "ಚಪ್ಪಲಿ ಹಾಕ್ಕೊಂಡು ಮುಟ್ಟಿ" ಎಂದರು ರಾಯರು. ಹಿತ್ತಲಲ್ಲಿ ಚಪ್ಪಲಿ ಹಾಕಿದರೆ ಕಿಟ್ಟು ಬೈಯುತ್ತಿದ್ದ, ದೇವರ ಪಾತ್ರೆ ತೊಳೆಯೋ ಜಾಗ ಎಂದು. ಹಾಗಾಗಿ ಇವರೇ ಒಂದು ಪದ್ಧತಿ ಮಾಡಿಕೊಂಡರು. ಒಬ್ಬಳು ಪೊರಕೆಯಿಂದ ನೀರು ಬಳಿದು ನಿಲ್ಲುವಷ್ಟು ನೆಲ ಒಣಗಿಸುವುದು. ಇನ್ನೊಬ್ಬಳು ಆ ನೆಲದಲ್ಲಿ ನಿಂತು ಒಣಸೌದೆಯಿಂದ ಸ್ವಿಚ್ಚು ಒತ್ತುವುದು. ನಾಲ್ಕು ವರ್ಷ ಹೀಗೇ ನಡೆದಿತ್ತು. ಇಬ್ಬರು ಬೇಕಾದ ಕೆಲಸ ಅದು. ಮಂಗಳವಾರ ಜಯಾ ಒಬ್ಬಳೇ ಇದ್ದಳು. ಮುನ್ನೂರು ಎಲೆಯ ಊಟ, ಒಳಗಿನಿಂದ "ಬೇಗ, ಬೇಗ" ಎಂಬ ಕೂಗು, ಒದ್ದೆ ಕೈ, ಒದ್ದೆ ನೆಲ.

ಬುಧವಾರ ಬೆಳಿಗ್ಗೆ ಮುನಿರತ್ನಳಿಗೆ ಕರೆ ಬಂತು. ಹೆಣ ಸರ್ಕಾರಿ ಆಸ್ಪತ್ರೆಯಲ್ಲಿತ್ತು, ಕೊಯ್ದು ಕೊಡುವುದು ಸಂಜೆಗೆ. ಮಂಟಪದಲ್ಲಿ ಪುಣ್ಯಾಹಕ್ಕೆ ಮೊದಲು ಹಿತ್ತಲು ತೊಳೆಯಬೇಕಿತ್ತು. ಅವಳೇ ತೊಳೆದಳು. ಜಯಾ ಬಿದ್ದ ಕಲ್ಲನ್ನು ತೆಂಗಿನ ನಾರಿನಿಂದ ತಿಕ್ಕಿದಳು. ನೀರನ್ನು ಒಳಗಿನವರೇ ಮೋಟಾರ್ ಹಾಕಿ ಬಿಟ್ಟರು. ಹೊರಗಿನ ಸ್ವಿಚ್ಚಿನ ಡಬ್ಬಿ ರಾತ್ರೋರಾತ್ರಿ ಮಾಯವಾಗಿತ್ತು. ಗೋಡೆಯಲ್ಲಿ ನಾಲ್ಕು ಮೊಳೆಯ ತೂತು, ಅದರ ಮೇಲೆ ಹಸಿ ಸುಣ್ಣ. ಅವಳು ತೊಳೆದು ಹೊರಗೆ ನಿಂತ ಮೇಲೆ ಪುರೋಹಿತರು ಬಂದು ಮಾವಿನೆಲೆಯಿಂದ ನೀರು ಪ್ರೋಕ್ಷಿಸಿದರು.

ಆಮೇಲೆ ರಾಯರು ಅವಳನ್ನು ಆಫೀಸು ಕೋಣೆಗೆ ಕರೆದರು. ಕುರ್ಚಿ ತೋರಿಸಿದರು. ಹದಿನಾಲ್ಕು ವರ್ಷದಲ್ಲಿ ಮೊದಲನೆಯ ಸಲ. ಅವಳು ಕೂರಲಿಲ್ಲ.

"ಪರವಾಯಿಲ್ಲ, ಕೂತ್ಕೋಮ್ಮ. ನೋಡು, ಆಗಬಾರದ್ದು ಆಗಿಹೋಯ್ತು. ಅವಳ ಆಯಸ್ಸು ಅಷ್ಟೆ. ನಾಳೆ ಪೊಲೀಸಿನೋರು ಬರ್ತಾರೆ, ಸುಮ್ಮನೆ ಒಂದು ವಿಚಾರಣೆ. ಅವಳ ಜೊತೆ ಕೆಲಸ ಮಾಡ್ತಿದ್ದೋಳು ನೀನೊಬ್ಬಳೇ. ಇದಕ್ಕೊಂದು ರುಜು ಹಾಕು, ಮುಗೀತು."

ತಮಿಳಿನಲ್ಲಿ ಟೈಪು ಮಾಡಿದ ಒಂದು ಹಾಳೆ. ಅವಳಿಗೆ ಓದು ಬರುತ್ತಿರಲಿಲ್ಲ. ಅವಳು ಹಾಳೆ ನೋಡಲೂ ಇಲ್ಲ. ಮೇಜಿನ ಮೇಲೆ ಇನ್ನೊಂದು ವಸ್ತು ಇತ್ತು. ಕಪ್ಪು ಚೀಲ, ಜಿಪ್ಪು ತೆರೆದಿತ್ತು.

"ನಿನ್ನ ಮಗಳಿಗೆ ಅವತ್ತು ಕೊಡಲಿಲ್ಲ ಅಂತ ನನಗೇ ಮನಸ್ಸಿಗೆ ಹಿಡಿಸಿರಲಿಲ್ಲ. ತಗೊಂಡು ಹೋಗು. ಹುಡುಗಿ ಚೆನ್ನಾಗಿ ಓದಲಿ."

"ಇದು ಎಲ್ಲಿತ್ತು ಸಾಮಿ?"

"ಬೀರೂಲಿ ಇತ್ತು. ಒಂದು ಮಿಕ್ಕಿತ್ತು."

ಮಿಕ್ಕಿತ್ತು. ತನ್ನ ಮಗಳು ವೇದಿಕೆಯ ಮುಂದೆ ಕೈಮುಗಿದು ನಿಂತಾಗಲೂ ಇದು ಬೀರುವಿನಲ್ಲಿ ಇತ್ತು. ತಾನೂ ಜಯಾನೂ ಒಂದು ಎಲುಬಿಗೆ ಎರಡು ನಾಯಿಗಳ ಹಾಗೆ ಕಚ್ಚಾಡಿದಾಗಲೂ ಇತ್ತು. ಒಂದೇ ಎಂದಿದ್ದರು. ಒಂದೇ ಅಲ್ಲ.

ರಾಯರು ಬುದ್ಧಿವಂತರು. ರುಜುವಿಗೆ ಅವಸರ ಮಾಡಲಿಲ್ಲ. ಹಾಳೆಯನ್ನೂ ಚೀಲವನ್ನೂ ಕೈಗೆ ಕೊಟ್ಟು, ಗಂಡನಿಗೂ ತೋರಿಸು, ನಾಳೆ ಇನ್‌ಸ್ಪೆಕ್ಟರ್ ಎದುರಿಗೇ ಹಾಕು ಎಂದರು. ಮನೆ ಸೇರಿದ ವಸ್ತುವನ್ನು ಬಡವರು ಹಿಂದಕ್ಕೆ ತರುವುದಿಲ್ಲ ಎಂಬುದು ಅವರ ಲೆಕ್ಕ.

ಚೀಲ ಹೆಗಲಿಗೆ ಬಿದ್ದಾಗ ಮುನಿರತ್ನಳಿಗೆ ಸುಖವಾಯಿತು. ಅದನ್ನು ಅಲ್ಲಗಳೆಯುವಂತಿಲ್ಲ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಎರಡು ಕೈಯಲ್ಲೂ ಹಿಡಿದು ಕೂತಳು. ಸಂಜೆ ಜಯಾಳನ್ನು ಮಣ್ಣು ಮಾಡಿದರು. ಮಣಲಿಯ ಕಡೆಯಿಂದ ಅವಳ ನಂಟರು ಲಾರಿ ಮಾಡಿಕೊಂಡು ಬಂದಿದ್ದರು. ಹೂವಿನ ಹಾರ ರಾಶಿ ಬಿದ್ದಿತ್ತು. ಅಷ್ಟೊಂದು ಜನ, ಅಷ್ಟೊಂದು ಅಳು. ನಾನು ಸತ್ತರೆ ಇದರಲ್ಲಿ ಕಾಲು ಭಾಗವೂ ಬರುವುದಿಲ್ಲ ಎಂದುಕೊಂಡಳು ಮುನಿರತ್ನ. ಸತ್ತವಳ ಮೇಲೂ ಹೊಟ್ಟೆಕಿಚ್ಚು. ತನಗೇ ಹೇಸಿಗೆಯಾಯಿತು. ಆದರೂ ಕಿಚ್ಚು ಆರಲಿಲ್ಲ.

ಮನೆಯಲ್ಲಿ ಕೋಕಿಲಾ ಲ್ಯಾಪ್‌ಟಾಪು ತೆರೆದಿದ್ದಳು. ಮುಖದ ಮೇಲೆ ನೀಲಿ ಬೆಳಕು. ಬೆರಳು ರಟ್ಟಿನ ಮೇಲೆ ಆಡಿದಂತೆಯೇ ಆಡುತ್ತಿತ್ತು, ಈಗ ಟಕಟಕ ಸದ್ದಿತ್ತು. ಶಿವರಾಮು ಹಾಳೆಯನ್ನು ಮಗಳ ಕೈಗೆ ಕೊಟ್ಟು ಓದು ಎಂದ. ಅವಳು ತಮಿಳಿನಲ್ಲಿ ಓದಿದಳು. ಹೊರಗೆ ಯಾವ ಸ್ವಿಚ್ಚೂ ಇರಲಿಲ್ಲ. ಮೃತಳೂ ನಾನೂ ಪ್ರತಿದಿನ ಅಡಿಗೆಮನೆಯೊಳಗೆ ಹೋಗಿ ಅಲ್ಲಿನ ಸ್ವಿಚ್ಚನ್ನೇ ಹಾಕುತ್ತಿದ್ದೆವು. ಒಳಗೆ ಹೋಗಿಬರಲು ನಮಗೆ ಯಾವ ಅಡ್ಡಿಯೂ ಇರಲಿಲ್ಲ. ಮೃತಳು ತನ್ನ ಅಜಾಗ್ರತೆಯಿಂದ ತಂತಿ ಮುಟ್ಟಿದಳು.

ಕೋಕಿಲಾ ಓದು ನಿಲ್ಲಿಸಿದಳು. "ಅಮ್ಮಾ, ನೀ ಉಳ್ಳೆ ಪೋಗಿದ್ಯಾ? ಒರು ನಾಳಾವದು?" ಒಂದು ದಿನವಾದರೂ ಒಳಗೆ ಹೋಗಿದ್ದೀಯಾ ಎಂದು ಕೇಳಿದಳು. ತಮಿಳಿನ ನಡುವೆ ಅಷ್ಟಾದರೂ ಕನ್ನಡ ಅವಳ ಬಾಯಲ್ಲಿ ಬೆರೆತದ್ದು ಅಂದೇ.

"ಇಲ್ಲ."

"ಹೋಗಿದ್ರೇನು, ಬಿಟ್ಟಿದ್ರೇನು?" ಎಂದ ಶಿವರಾಮು. "ಸತ್ತೋಳು ಎದ್ದು ಬತ್ತಾಳಾ? ಅವಳ ಮಗನಿಗೆ ಸಿಕ್ತು, ನಮ್ಮ ಮಗಳಿಗೂ ಸಿಕ್ತು. ಸಮ ಆಯ್ತು. ಗೀಚಿ ಬಾ."

"ರಮೇಶನಿಗೆ ತಾಯಿ ಸತ್ತವಳೇ. ಸಮ ಎಂಗಾಯ್ತು?"

"ಅದಕ್ಕೆ ನೀನೂ ಸಾಯ್ಬೇಕಾ?"

ಮುನಿರತ್ನ ಮಗಳ ಕಡೆ ನೋಡಿದಳು. ಕೋಕಿಲಾ ಕೊಟ್ಟುಬಿಡು ಎನ್ನಲಿಲ್ಲ, ಇಟ್ಟುಕೋ ಎನ್ನಲಿಲ್ಲ. ತಲೆ ತಗ್ಗಿಸಿ ಮತ್ತೆ ಕೀಲಿ ಒತ್ತತೊಡಗಿದಳು. ಅವಸರದಿಂದ ಒತ್ತುತ್ತಿದ್ದಳು, ಯಾರೋ ಬಂದು ಕಿತ್ತುಕೊಳ್ಳುವ ಮುಂಚೆ ಮುಗಿಸಬೇಕೆಂಬಂತೆ.

ಹಾಸಿಗೆಯಲ್ಲಿ ಬಿದ್ದ ಮುನಿರತ್ನಳಿಗೆ ಒಂದೇ ಮಾತು ಕೊರೆಯಿತು. ಒಳಗೆ ಹೋಗಿಬರಲು ಯಾವ ಅಡ್ಡಿಯೂ ಇರಲಿಲ್ಲ. ಹದಿನಾಲ್ಕು ವರ್ಷ ಒಳಗೆ ಹೇಗಿದೆ ಎಂದು ಕಾಣದ ಅಡಿಗೆಮನೆ. ಜಯಾ ಸತ್ತ ಮೇಲೆ ಅವಳನ್ನು ಕಾಗದದ ಮೇಲೆ ಒಳಗೆ ಬಿಟ್ಟುಕೊಂಡಿದ್ದರು. ಬದುಕಿರುವಾಗ ಬಿಟ್ಟಿದ್ದರೆ ಒಣನೆಲದಲ್ಲಿ ನಿಂತು ಸ್ವಿಚ್ಚು ಹಾಕಿ ಮನೆಗೆ ಬರುತ್ತಿದ್ದಳು. ಜಯಾ ಮಾಡಿದ ಮೋಸ ಎಷ್ಟು ದೊಡ್ಡದು? ಹತ್ತು ದಿನದ ಮೋಸ. ಈ ಹಾಳೆಯ ಮೋಸಕ್ಕೆ ಎಷ್ಟು ವರ್ಷ? ಇಷ್ಟು ದಿನ ತನ್ನ ಹೊಟ್ಟೆಯ ಬೆಂಕಿ ತಪ್ಪು ಮನೆಯನ್ನು ಸುಡುತ್ತಿತ್ತು ಎಂದು ಅವಳಿಗೆ ಅನ್ನಿಸಿತು.

ಗುರುವಾರ ದ್ವಾದಶಿ. ಬೆಳಗ್ಗೆಯೇ ಪಾರಣೆಯ ಅಡಿಗೆ. ಸಬ್ ಇನ್‌ಸ್ಪೆಕ್ಟರ್ ಒಬ್ಬರು ಪೇದೆಯೊಡನೆ ಬಂದು ಹಿತ್ತಲಲ್ಲಿ ನಿಂತಿದ್ದರು. ತಮಿಳಿನವರು, ನಡುವಯಸ್ಸು, ಮುಖದಲ್ಲಿ ದಣಿವು. ರಾಯರು ಅವರ ಕೈಗೆ ಕಾಫಿಯ ಲೋಟ ಕೊಟ್ಟಿದ್ದರು. ಮುನಿರತ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಂದಳು. ರಾಯರ ಕಣ್ಣು ಚೀಲದ ಮೇಲೆ ಹೋಯಿತು.

"ಬಾಮ್ಮ. ರುಜು ಹಾಕ್ತೀಯಾ?"

ಇನ್‌ಸ್ಪೆಕ್ಟರ್ ಹಾಳೆ ಇಸಿದುಕೊಂಡು ಓದಿದರು. ತಮಿಳಿನಲ್ಲಿ ಕೇಳಿದರು: "ದಿನಾ ನೀವು ಹಾಕುತ್ತಿದ್ದ ಸ್ವಿಚ್ಚು ಎಲ್ಲಿ?"

"ಒಳಗಡೆ ಸಾರ್. ಇದರಲ್ಲಿ ಬರೆದಿದಾರಲ್ಲ, ಹಾಗೇ. ಬನ್ನಿ, ತೋರಿಸ್ತೀನಿ" ಎಂದಳು ಮುನಿರತ್ನ, ಅವಳೂ ತಮಿಳಿನಲ್ಲೇ.

ರಾಯರ ಮುಖ ಸಡಿಲಾಯಿತು.

ಅವಳು ನಡೆದಳು. ಅವಸರಪಡಲಿಲ್ಲ. ಹಿತ್ತಲಿನ ನೀರು ತುಳಿದ ಒದ್ದೆ ಕಾಲು. ಅಡಿಗೆಮನೆಯ ಹೊಸ್ತಿಲಲ್ಲಿ ಅರಿಸಿನ ಕುಂಕುಮ, ರಂಗೋಲಿಯ ಎಳೆ. ಅವಳದು ಅರ್ಧ ಆಯುಷ್ಯ ಅಂಜಿದ ಕಾಲು. ಬಲಗಾಲೆತ್ತಿ ಹೊಸ್ತಿಲಾಚೆ ಇಟ್ಟಳು.

"ಏಯ್! ಏಯ್! ಏನೇ ಮಾಡ್ತಿದೀಯ!" ಒಳಗಿನಿಂದ ಕಿಟ್ಟು ಸೌಟು ಹಿಡಿದು ಓಡಿಬಂದ.

ಅವನಿಗಿಂತ ದೊಡ್ಡದಾಗಿ ಹಿಂದಿನಿಂದ ರಾಯರ ಕೂಗು ಬಂತು. "ನಿಲ್ಲೇ ಅಲ್ಲೇ! ಮುನಿರತ್ನಾ! ಉಳ್ಳೆ ಪೋಗಾದೆ! ಇನ್ನೂ ನೈವೇದ್ಯ ಆಗಿಲ್ಲ, ಎಲ್ಲಾ ಮೈಲಿಗೆ ಮಾಡಿದ್ಯಲ್ಲೇ ಮುಂಡೆ!"

ಒಳಗೆ ಹೋಗಬೇಡ ಎಂದು ಇನ್‌ಸ್ಪೆಕ್ಟರಿಗೂ ತಿಳಿಯುವ ತಮಿಳಿನಲ್ಲೇ ಕೂಗಿದ ಮೇಲೆ ರಾಯರು ಬಾಯಿ ಮುಚ್ಚಿದರು. ಆಗ ತಡವಾಗಿತ್ತು. ಎಪ್ಪತ್ತು ವರ್ಷದ ಅಭ್ಯಾಸ ಬಾಯಿಂದ ತಾನಾಗಿ ಬಂದಿತ್ತು.

ಒಲೆಯ ಮೇಲೆ ಏನೋ ಕುದಿಯುವ ಸದ್ದು. ಇನ್‌ಸ್ಪೆಕ್ಟರ್ ಕಾಫಿಯ ಲೋಟವನ್ನು ಕಟ್ಟೆಯ ಮೇಲಿಟ್ಟರು. ಹಾಳೆಯನ್ನು ಇನ್ನೊಮ್ಮೆ ಓದಿದರು.

"ದಿನಾ ಒಳಗೆ ಹೋಗ್ತಿದ್ದರು ಅಂತ ತಾನೆ ಇಲ್ಲಿ ಬರೆದಿರೋದು?" ಎಂದು ಕೇಳಿದರು.

ಮುನಿರತ್ನ ಮಾತಾಡಿದಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

"ಇಗೋ ಸಾರ್, ಇದೇ ಮೊದಲನೇ ಸಲ. ಹದಿನಾಲ್ಕು ವರ್ಷದಲ್ಲಿ. ನಮಗೆ ಅಂತ ಹೊರಗೇ ಒಂದು ಹಾಕಿದ್ರು. ಅಗೋ ಆ ಹಸಿ ಸುಣ್ಣ, ಅಲ್ಲಿ. ಶಾಕ್ ಹೊಡೀತದೆ ಅಂತ ಮೂರು ಸಲ ಹೇಳಿದ್ವಿ. ಅದನ್ನ ಮುಟ್ಟೇ ಜಯಾ ಸತ್ತಳು. ಒಳಗೆ ಬಿಡದೆ ಕೊಂದ್ರು."

"ಏನೇ, ಉಂಡ ಮನೆಗೆ..." ಎಂದರು ರಾಯರು.

"ಉಂಡ ಮನೆ?" ಅವಳು ತಿರುಗಿದಳು. "ಎಲ್ಲಿ ಸಾಮಿ ಉಂಡಿದ್ದು? ನೀವೆಲ್ಲ ಎದ್ದ ಮೇಲೆ ಹಿಂದಿನ ಗೇಟಲ್ಲಿ ಪೊಟ್ಟಣ ಕಟ್ಟಿಸ್ಕೊಂಡು ಹೋಗಿದ್ದು. ಮನೆ ಎಲ್ಲಿ ಕಂಡಿದೀನಿ ನಾನು?"

ಹೆಗಲಿಂದ ಚೀಲ ಇಳಿಸಿದಳು. ಅಡಿಗೆಮನೆಯ ಒಳಗೆ, ಒಣಗಿದ ನೆಲದ ಮೇಲೆ ಮೆತ್ತಗೆ ಇಟ್ಟಳು. ಎಸೆಯಲಿಲ್ಲ. ಎಸೆಯಲು ಕೈ ಬರಲಿಲ್ಲ, ತಾನೇ ತೊಳೆದ ವಸ್ತು.

"ಇದು ಬೀರೂಲಿ ಮಿಕ್ಕಿತ್ತು ಸಾರ್. ಯಾತಕ್ಕೆ ಕೊಟ್ರು ಅಂತ ಅದನ್ನೂ ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ಬರೆದುಕೊಂಡರು. ಮುಂದೆ ಏನಾಯಿತು, ಏನಾಗಲಿಲ್ಲ ಎಂಬುದು ಕೋರ್ಟಿನ ವಿಷಯ. ಅದು ಬೇಗ ಮುಗಿಯುವಂಥದ್ದಲ್ಲ. ಆ ದಿನವೇ ಮುಗಿದದ್ದು ಮುನಿರತ್ನಳ ಕೆಲಸ. ನಾಳೆಯಿಂದ ಬರಬೇಡ ಎಂದು ಕಿಟ್ಟು ಗೇಟಿನ ತನಕ ಬಂದು ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಶಿವರಾಮು ಅಂದು ಉಣ್ಣಲಿಲ್ಲ. ಕೋಕಿಲಾ ಅತ್ತಳು. ಮುಚ್ಚಿಟ್ಟುಕೊಂಡು ಅಳಲಿಲ್ಲ. ತಾಯಿಯ ಎದುರಿಗೆ ಕೂತು, ತಮಿಳಿನಲ್ಲಿ ಬೈಯುತ್ತ ಅತ್ತಳು. ಬೆಳಿಗ್ಗೆ ಎದ್ದು ಕಾಲೇಜಿಗೆ ಹೋದಳು. ನಾಲ್ಕು ಗಂಟೆಗೆ ಬೀಗ ಬೀಳುವ ಮೊದಲು ತನ್ನ ಸರದಿ ಬರಬೇಕಿತ್ತು.

ಶುಕ್ರವಾರ ಹಾಲುತುಪ್ಪ. ಜಯಾಳ ಮಣ್ಣಿನ ಸುತ್ತ ನಂಟರು ನಿಂತಿದ್ದರು. ರಮೇಶ್ ಬೋಳಿಸಿದ ತಲೆಯಲ್ಲಿ ನಿಂತಿದ್ದ. ಅವನು ಮುನಿರತ್ನಳನ್ನು ಕಂಡು ಹತ್ತಿರ ಬಂದ. "ಅತ್ತೆ, ಕೋಕಿಲಾನ ಕಳಿಸಿ. ಅಮ್ಮ ಹೇಳಿತ್ತು, ಒಂದು ದಿನ ಅವಳಿಗೆ ಅಂತ" ಎಂದ. ಮುನಿರತ್ನಳಿಗೆ ಆಗಲೂ, ಅಷ್ಟೆಲ್ಲ ಆದ ಮೇಲೂ, ಎದೆಯ ಮೂಲೆಯಲ್ಲಿ ಚುರ್ ಎಂದಿತು. ಕೊಡುವ ಸ್ಥಾನ ಅವರದೇ ಆಯಿತಲ್ಲ ಎಂದು. ಅದನ್ನು ನುಂಗಿಕೊಂಡಳು. "ಕಳಿಸ್ತೀನಪ್ಪ" ಎಂದಳು.

ಸರದಿ ಬಂದಾಗ ಅವಳು ಮೊಣಕಾಲೂರಿ ಕೂತಳು. ಬಿರಿದ ಬೆರಳಿನಿಂದ ಹಾಲು ಬಿಟ್ಟಳು. ತುಪ್ಪ ಬಿಟ್ಟಳು. ಎರಡು ಕೈಯನ್ನೂ ಆ ಮಣ್ಣಿನ ಮೇಲೆ ಊರಿದಳು.

ಅಮ್ಮಾ ಗಂಗಮ್ಮ, ಇವಳು ನನಗೆ ಮೋಸ ಮಾಡಿದಳು. ನಾನು ಇವಳನ್ನು ಒಬ್ಬಳನ್ನೇ ಬಿಟ್ಟೆ. ಎರಡನ್ನೂ ನೀನು ಬಲ್ಲೆ. ನನ್ನ ಕಿಚ್ಚು ಇನ್ನೂ ಆರಿಲ್ಲ ತಾಯಿ, ಅದು ನನ್ನ ಪಾಲಿಗಿರಲಿ, ಇವಳ ಹಿಂದೆ ಹೋಗದಿರಲಿ. ಬೆಳಗಾದರೆ ಯಾರೂ ಇವಳನ್ನು ಎಬ್ಬಿಸದಿರಲಿ. ನಿನ್ನ ಮನೆಯೊಳಗೆ ಇವಳನ್ನು ಕೈಹಿಡಿದು ಕರೆದುಕೊ. ನಿನ್ನ ಮಗ್ಗುಲಲ್ಲಿ ಕೂರಿಸಿಕೊ. ಮೊದಲನೆಯ ಪಂಕ್ತಿಯಲ್ಲಿ, ಬಿಸಿ ಇರುವಾಗಲೇ ಇವಳಿಗೆ ಬಡಿಸು. ಉಂಡ ಮೇಲೆ ಮಲಗಿಸು. ಜಯಾ ಮಲಗಲಿ ತಾಯಿ, ಸುಖವಾಗಿ ಮಲಗಲಿ.